ನಿರೂಪಣೆ: ಕತೆ ಹೇಳುವವರು ಎಲ್ಲಿ ನಿಂತಿದ್ದಾರೆ?

'ನಿರೂಪಣೆ' ಅಂದ ಕೂಡಲೇ ಈಗ ನೆನಪಾಗುವುದು ವೇದಿಕೆ ಮತ್ತು ಮೈಕು. ರಾಜ್ಯೋತ್ಸವದ ಕಾರ್ಯಕ್ರಮವನ್ನು ನಡೆಸಿಕೊಡುವವರು ನಿರೂಪಕರು. ಶಾಲೆಯ ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ 'ಓಮನ ನಿಯಮವನ್ನು ನಿರೂಪಿಸಿ' ಅಂತ ಬಂದರೆ ನಿಯಮವನ್ನು ಇದ್ದ ಹಾಗೇ ಬರೆಯಬೇಕು. ಸಾಹಿತ್ಯದಲ್ಲಿ ಈ ಪದಕ್ಕೆ ಬೇರೆಯೇ ಕೆಲಸ ಇದೆ. ಕತೆಯನ್ನು ಯಾರು ಹೇಳುತ್ತಿದ್ದಾರೆ, ಎಲ್ಲಿ ನಿಂತು ಹೇಳುತ್ತಿದ್ದಾರೆ, ಏನನ್ನು ಹೇಳದೆ ಬಿಟ್ಟಿದ್ದಾರೆ ಅನ್ನುವುದೆಲ್ಲ ಸೇರಿ ನಿರೂಪಣೆ. ನಡೆದದ್ದು ಘಟನೆ. ಅದು ನಮ್ಮ ಹತ್ತಿರ ಬರುವ ದಾರಿ ನಿರೂಪಣೆ.

ಒಂದು ಪುಟ್ಟ ವಾಕ್ಯ ಇಟ್ಟುಕೊಂಡು ನೋಡೋಣ.

'ಅಪ್ಪ ಗದ್ದೆ ಮಾರಿದರು.' ಇದು ಬರೀ ಸುದ್ದಿ. ಹೇಳಿದವರಿಗೆ ಏನನ್ನಿಸಿತೋ ಗೊತ್ತಾಗುವುದಿಲ್ಲ.

'ಅಪ್ಪ ಗದ್ದೆ ಮಾರಿಬಿಟ್ಟರು.' ಈಗ ಎದೆಯೊಳಗೆ ಏನೋ ಕಳಚಿದ ಹಾಗಾಯಿತು. ಇನ್ನು ಅದು ವಾಪಸ್ ಬರುವುದಿಲ್ಲ. ಹೇಳುವವರಿಗೆ ಮಾರುವುದು ಇಷ್ಟ ಇರಲಿಲ್ಲ ಅನ್ನುವುದೂ ಕೇಳಿಸುತ್ತದೆ.

'ಅಪ್ಪ ಗದ್ದೆ ಮಾರಿಕೊಂಡರು.' ಇಲ್ಲಿ ಸಾಲದ ವಾಸನೆ ಇದೆ. ನಷ್ಟ ಅಪ್ಪನದೇ, ತಪ್ಪೂ ಸ್ವಲ್ಪ ಅವರದೇ ಅನ್ನುವ ಧಾಟಿ.

'ಅಪ್ಪ ಗದ್ದೆ ಮಾರಿದರಂತೆ.' ನನಗೆ ತುಂಬಾ ಇಷ್ಟವಾದದ್ದು ಇದು. 'ಅಂತೆ' ಬಂದರೆ, ಹೇಳುವವರು ತಾವು ಕಂಡದ್ದನ್ನು ಹೇಳುತ್ತಿಲ್ಲ, ಯಾರಿಂದಲೋ ಕೇಳಿದ್ದನ್ನು ಹೇಳುತ್ತಿದ್ದಾರೆ ಅಂತ ಅರ್ಥ. ಸ್ವಂತ ಅಪ್ಪ ಗದ್ದೆ ಮಾರಿದ್ದು ಮಗನಿಗೆ ಬೇರೆಯವರ ಬಾಯಿಂದ ಗೊತ್ತಾಗಿದೆ. ಮಗ ಊರಲ್ಲಿಲ್ಲ. ಇಬ್ಬರಿಗೂ ಮಾತು ನಿಂತಿರಬಹುದು. ಇದಕ್ಕೆಲ್ಲ ಕತೆಗಾರ ಒಂದು ಪುಟ ಬರೆಯಬೇಕಿತ್ತು, 'ಅಂತೆ' ಒಂದೇ ಆ ಕೆಲಸ ಮಾಡಿತು.

ಇದೇ 'ಅಂತೆ' ಅಜ್ಜಿಯ ಬಾಯಲ್ಲಿ ಇನ್ನೊಂದು ಬಣ್ಣ ತಾಳುತ್ತದೆ. 'ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ' ಅಂತ ಅಜ್ಜಿ ಶುರು ಮಾಡಿದರೆ, ಕತೆ ನಿಜವೋ ಸುಳ್ಳೋ ಅನ್ನುವ ಜವಾಬ್ದಾರಿಯನ್ನು ಆಕೆ ಮೊದಲೇ ಕೆಳಗಿಟ್ಟಿರುತ್ತಾಳೆ. ಹಾಗಾಗಿ ಗಿಳಿ ಮಾತಾಡಿದರೂ ಮಕ್ಕಳು ತಕರಾರು ಮಾಡುವುದಿಲ್ಲ. 'ರಾಜ ಇದ್ದ' ಅಂದರೆ ಯಾವಾಗ ಇದ್ದ, ಎಲ್ಲಿದ್ದ ಅನ್ನುವ ಪ್ರಶ್ನೆ ಏಳಬಹುದು. 'ಇದ್ದನಂತೆ' ಅಂದರೆ ಸುಮ್ನೆ ಕೇಳುತ್ತಾ ಕೂರುತ್ತಾರೆ.

ಕನ್ನಡದಲ್ಲಿ ಕತೆ ಹೇಳುವವರು ತಪ್ಪಿಸಿಕೊಳ್ಳಲಾಗದ ಇನ್ನೊಂದು ಆಯ್ಕೆ ಇದೆ: ಅವನು, ಅವರು. ಗೌಡರು ಬಂದರು, ಆಳು ಬಂದ. ಹೀಗೆ ಬರೆದ ಕೂಡಲೇ ನಿರೂಪಕ ಊರಿನ ಯಾವ ಜಗಲಿಯ ಮೇಲೆ ಕೂತಿದ್ದಾನೆ ಅಂತ ಗೊತ್ತಾಗಿಬಿಡುತ್ತದೆ. ಗೌಡ ಬಂದ, ಆಳೂ ಬಂದ ಅಂತ ಬರೆದರೆ ಇಬ್ಬರೂ ಒಂದೇ ನೆಲದ ಮೇಲೆ ನಿಂತರು. ಘಟನೆ ಬದಲಾಗಿಲ್ಲ. ನ್ಯಾಯ ಬದಲಾಯಿತು.

ಇಲ್ಲೇ ಒಂದು ಗೊಂದಲ ಬಿಡಿಸಿಕೊಳ್ಳುವುದು ಒಳ್ಳೆಯದು. 'ನಾನು' ಅಂತ ಹೇಳುವ ಕತೆಯನ್ನು ಎಷ್ಟೋ ಜನ 'ಪ್ರಥಮ ಪುರುಷ ನಿರೂಪಣೆ' ಅಂತ ಬರೆಯುತ್ತಾರೆ. ಇಂಗ್ಲಿಷಿನ ಲೆಕ್ಕ ಹಾಗಿದೆ, ನಮ್ಮ ವ್ಯಾಕರಣದ ಲೆಕ್ಕ ಬೇರೆ. ನಮ್ಮಲ್ಲಿ 'ನಾನು, ನಾವು' ಉತ್ತಮ ಪುರುಷ. 'ನೀನು, ನೀವು' ಮಧ್ಯಮ ಪುರುಷ. 'ಅವನು, ಅವಳು, ಅದು' ಪ್ರಥಮ ಪುರುಷ. 'ನಾನು' ಕತೆ ಉತ್ತಮ ಪುರುಷದ್ದು.

ಆ 'ನಾನು' ಮತ್ತು ಲೇಖಕ ಒಬ್ಬರೇ ಅಂತ ಅಂದುಕೊಳ್ಳುವುದು ಬಹಳ ಸುಲಭ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಓದುವಾಗ ನಮಗೆಲ್ಲ ಹಾಗೇ ಆಗುತ್ತದೆ. ಅಲ್ಲಿ ಕತೆ ಹೇಳುವವನು ಮೂಡಿಗೆರೆ ಕಡೆಯ ಒಬ್ಬ ಕೃಷಿಕ, ತೇಜಸ್ವಿಯವರೂ ಅಲ್ಲೇ ತೋಟ ಮಾಡಿಕೊಂಡಿದ್ದವರು. ಆದರೂ ಆ 'ನಾನು' ಕಾದಂಬರಿಯೊಳಗಿನ ಒಂದು ಪಾತ್ರ. ಅವನಿಗೆ ಎಲ್ಲವೂ ಗೊತ್ತಿಲ್ಲ. ಮಂದಣ್ಣನನ್ನು ಅವನು ಮೊದಮೊದಲು ಊರಿನವರ ಹಾಗೇ ನೋಡುತ್ತಾನೆ. ಜೇನಿನ ಹಿಂದೆ ಬಿದ್ದ ಒಬ್ಬ ಪೆದ್ದ, ಅಷ್ಟೇ. ವಿಜ್ಞಾನಿ ಕರ್ವಾಲೊ ಇದೇ ಮಂದಣ್ಣನನ್ನು ಯಾಕೆ ಇಷ್ಟು ಹಚ್ಚಿಕೊಂಡಿದ್ದಾರೆ ಅನ್ನುವುದು ಅವನಿಗೆ ಅರ್ಥವೇ ಆಗುವುದಿಲ್ಲ. ಓದುವ ನಮಗೂ ಆಗುವುದಿಲ್ಲ, ಯಾಕೆಂದರೆ ನಮಗಿರುವುದು ಅವನ ಕಣ್ಣು ಮಾತ್ರ. ಆಮೇಲೆ ಗೊತ್ತಾಗುತ್ತದೆ, ಈ ಪೆದ್ದ ಕಾಡಿನಲ್ಲಿ ಕಂಡದ್ದು ಕರ್ವಾಲೊ ಹುಡುಕುತ್ತಿದ್ದ ಅಪರೂಪದ ಹಾರುವ ಓತಿಯನ್ನು. ಆಗ ನಾಚಿಕೆಪಡಬೇಕಾದವರು ಇಬ್ಬರು: ನಿರೂಪಕ ಮತ್ತು ನಾವು. ಇದೇ ಕತೆಯನ್ನು ಕರ್ವಾಲೊ ಅವರೇ ಹೇಳಿದ್ದರೆ ಮಂದಣ್ಣ ಯಾರು ಅನ್ನುವುದು ಮೊದಲ ಪುಟದಲ್ಲೇ ಗೊತ್ತಾಗಿಬಿಡುತ್ತಿತ್ತು. ಓತಿ ಆಗಲೂ ಕಾಣಿಸುತ್ತಿತ್ತೇನೋ. ಒಬ್ಬ ಮನುಷ್ಯನನ್ನು ನಿಧಾನವಾಗಿ ಕಾಣುವ ಆ ಅನುಭವ ಸಿಗುತ್ತಿರಲಿಲ್ಲ.

ದೇವನೂರ ಮಹಾದೇವ ಅವರ 'ಕುಸುಮಬಾಲೆ' (1984) ಇನ್ನೂ ದೂರ ಹೋಗುತ್ತದೆ. ಅಲ್ಲಿ ರಾತ್ರಿ ಹೊತ್ತು ಜೋತಮ್ಮಂದಿರು, ಅಂದರೆ ಮನೆಮನೆಯ ದೀಪಗಳ ಜೀವಗಳು, ಒಂದೆಡೆ ಸೇರಿ ಮಾತಾಡುತ್ತಾರೆ. ಮನೆಮನೆಯ ಒಳಗೆ ಏನು ನಡೆಯಿತು ಅನ್ನುವುದು ದೀಪಕ್ಕಿಂತ ಜಾಸ್ತಿ ಯಾರಿಗೆ ಗೊತ್ತಿರುತ್ತದೆ, ಅಲ್ವಾ? ಮಾತು ನಂಜನಗೂಡು ಸೀಮೆಯದು. ಮೊದಲ ಸಲ ಓದುವವರಿಗೆ ಕಷ್ಟವಾಗುತ್ತದೆ, ಜೋರಾಗಿ ಓದಿದರೆ ಬಿಡಿಸಿಕೊಳ್ಳುತ್ತದೆ. ಇದನ್ನು ಶಿಷ್ಟ ಕನ್ನಡಕ್ಕೆ ತಿದ್ದಿದರೆ ಕತೆಯ ಸಾರಾಂಶ ಉಳಿಯುತ್ತದೆ, ಕತೆ ಉಳಿಯುವುದಿಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ನಿರೂಪಣೆಯ ಜೊತೆಗೇ ಬರುವ ಪದ 'ವರ್ಣನೆ'. ವರ್ಣ ಅಂದರೆ ಬಣ್ಣ, ಹಾಗಾಗಿ ವರ್ಣನೆ ಅಂದರೆ ಬಣ್ಣ ಹಚ್ಚುವುದು, ಅಲಂಕಾರ ಮಾಡುವುದು ಅನ್ನುವ ಅಭಿಪ್ರಾಯ ಇದೆ. ಹಳೆಯ ಮಹಾಕಾವ್ಯಗಳಲ್ಲಿ ಅಷ್ಟಾದಶ ವರ್ಣನೆ ಅಂತಲೇ ಇತ್ತು. ಸಮುದ್ರ, ಬೆಟ್ಟ, ಪಟ್ಟಣ, ಋತು, ಸೂರ್ಯೋದಯ, ಚಂದ್ರೋದಯ ಹೀಗೆ 18 ಸಂಗತಿಗಳನ್ನು ಕವಿ ವರ್ಣಿಸಬೇಕು. ಆದರೆ ಒಳ್ಳೆಯ ವರ್ಣನೆ ನೋಡಿದ ವಸ್ತುವನ್ನಷ್ಟೇ ತೋರಿಸಿ ಸುಮ್ಮನಾಗುವುದಿಲ್ಲ, ನೋಡಿದವರನ್ನೂ ತೋರಿಸುತ್ತದೆ.

ಮತ್ತೆ ಅದೇ ಗದ್ದೆಗೆ ಬರೋಣ. ದಲ್ಲಾಳಿ ಹೇಳಿದರೆ ಹೀಗಿರುತ್ತದೆ: 'ಎರಡು ಎಕರೆ, ಟಾರ್ ರೋಡಿಗೆ ತಾಗಿಕೊಂಡಿದೆ, ಪಹಣಿ ಕ್ಲಿಯರ್ ಇದೆ.' ಅಪ್ಪ ಹೇಳಿದರೆ: 'ಬದುವಿನ ಮೇಲೆ ಹೊಂಗೆ ಮರ. ಅದರ ಬುಡದಲ್ಲಿ ನಿಮ್ಮವ್ವ ಬುತ್ತಿ ಬಿಚ್ಚುತ್ತಿದ್ದ ಚಪ್ಪಟೆ ಕಲ್ಲು.' ಎರಡರಲ್ಲೂ ಸುಳ್ಳಿಲ್ಲ. ಅಪ್ಪನಿಗೆ ದುಃಖವಾಯಿತು ಅಂತ ಕತೆಗಾರ ಬೇರೆ ಹೇಳಬೇಕಾಗಿಯೂ ಇಲ್ಲ. ಆ ಚಪ್ಪಟೆ ಕಲ್ಲು ಹೇಳಿ ಆಗಿದೆ.

ವೇಷ, ಕುಣಿತ ಇಲ್ಲದೆ ಕೂತು, ಹಾಡಿದ ಪದ್ಯಕ್ಕೆ ಪಾತ್ರದ ಮಾತಿನಲ್ಲೇ ಅರ್ಥ ಹೇಳುವ ಯಕ್ಷಗಾನ ತಾಳಮದ್ದಳೆ. ಅದನ್ನು ನೋಡಿದವರಿಗೆ ಇದು ಹೊಸದೇನೂ ಅನ್ನಿಸುವುದಿಲ್ಲ. ಭಾಗವತರು ಹಾಡುವ ಪದ್ಯ ಅದೇ. ಕರ್ಣನ ಅರ್ಥ ಹೇಳುವವರು ಬದಲಾದರೆ ಒಂದು ರಾತ್ರಿ ಕರ್ಣ ಹಟಮಾರಿ, ಇನ್ನೊಂದು ರಾತ್ರಿ ಅದೇ ಕರ್ಣನಿಗಾಗಿ ಸಭೆ ಕಣ್ಣೊರೆಸಿಕೊಳ್ಳುತ್ತದೆ.

ನಿರೂಪಣೆ, ವರ್ಣನೆ ಎರಡೂ ಒಂದೇ ಕಡೆ ಹೆಣೆದುಕೊಂಡ ಜಾಗ ಕೇಳಿದರೆ ನಾನು ತೋರಿಸುವುದು ಪಂಪನ ಬನವಾಸಿಯನ್ನು. ವಿಕ್ರಮಾರ್ಜುನ ವಿಜಯದಲ್ಲಿ ಅರ್ಜುನ ತೀರ್ಥಯಾತ್ರೆ ಮಾಡುತ್ತಾ ಬನವಾಸಿಗೆ ಬರುತ್ತಾನೆ. ಊರಿನ ವರ್ಣನೆ ಶುರುವಾಗುತ್ತದೆ. ತೆಂಕಣ ಗಾಳಿ ಸೋಕಿದರೂ, ಒಳ್ಳೆಯ ಮಾತು ಕಿವಿಗೆ ಬಿದ್ದರೂ, ಬಿರಿದ ಮಲ್ಲಿಗೆ ಕಂಡರೂ, ಯಾರು ಅಂಕುಶದಿಂದ ತಿವಿದು ತಡೆದರೂ 'ನೆನೆವುದೆನ್ನ ಮನಂ ಬನವಾಸಿ ದೇಶಮಂ'. ಈ 'ಎನ್ನ ಮನ' ಯಾರದು? ಅರ್ಜುನ ಬನವಾಸಿಯಲ್ಲೇ ನಿಂತಿದ್ದಾನೆ. ಕಣ್ಣೆದುರು ಇರುವ ಊರನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ನೆನಪು ದೂರ ಇರುವವರ ಪಾಡು. 941ರ ಸುಮಾರಿಗೆ ಪಂಪ ಇದ್ದದ್ದು ಅರಸ ಅರಿಕೇಸರಿಯ ಆಶ್ರಯದಲ್ಲಿ, ಈಗಿನ ತೆಲಂಗಾಣದ ವೇಮುಲವಾಡದ ಕಡೆ. ಅಲ್ಲಿಂದ ಬನವಾಸಿ ಎಷ್ಟೋ ದಿನಗಳ ನಡಿಗೆ. ನನ್ನ ಓದಿನಲ್ಲಿ ಆ ಒಂದು ಪದ್ಯದಷ್ಟು ಹೊತ್ತು ಅರ್ಜುನ ಪಕ್ಕಕ್ಕೆ ಸರಿದು ನಿಂತಿದ್ದಾನೆ. ತೆಂಕಣ ಗಾಳಿ ಸೋಕಿರುವುದು ಕವಿಯ ಮೈಗೆ.