ಕೈ ನಿಧಾನವಾದಾಗ ಕೋಲು ಓಡುತ್ತದೆ

ಕಳೆದ ಸುಗ್ಗಿಯಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಭರಮಸಾಗರದ ಹತ್ತಿರದ ನಮ್ಮ ಹೊಲಕ್ಕೆ ಬಂದಾಗ ಕಾರಿನ ಡಿಕ್ಕಿಯಲ್ಲಿ ಒಂದು ಗಾಲ್ಫ್ ಕೋಲೂ ಇತ್ತು. ಆಫೀಸಿನ ಗೆಳೆಯರ ಜೊತೆ ಹೊಸದಾಗಿ ಕಲಿಯುತ್ತಿದ್ದಾನೆ. ಮೆಕ್ಕೆಜೋಳ ಮುರಿದು ಬಯಲಾಗಿದ್ದ ಹೊಲದಲ್ಲಿ ಚೆಂಡಿಟ್ಟು, ಹಲ್ಲು ಕಚ್ಚಿ, ತೋಳಿನ ನರ ಉಬ್ಬುವ ಹಾಗೆ ಬೀಸಿದ. ಚೆಂಡು ಉರುಳಿಕೊಂಡು ಹೋಗಿ ಬದುವಿಗೆ ತಾಗಿ ನಿಂತಿತು. ಅಲ್ಲೇ ಕೂತಿದ್ದ ದೊಡ್ಡಪ್ಪ, ‘ಮಣಿಕಟ್ಟು ಸಡ್ಲ ಬಿಡೋ ತಮ್ಮಾ, ಬಿಗಿ ಹಿಡಿದ್ರೆ ಕಲ್ಲು ಎಲ್ಲಿಗೆ ಹೋಗ್ತೈತೆ?’ ಅಂದರು. ಅವರ ತಲೆಯಲ್ಲಿದ್ದದ್ದು ಕವಣೆ. ಜೋಳದ ತೆನೆಗೆ ಹಕ್ಕಿ ಎರಗದ ಹಾಗೆ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುತ್ತಲೇ ಬೆಳೆದವರು.

ಅದೇ ಮಾತನ್ನು ಸಮೀಕರಣಗಳಲ್ಲಿ ಹೇಳಲು ಭೌತವಿಜ್ಞಾನಿಗಳಿಗೆ ಬಹಳ ಕಾಲ ಹಿಡಿಯಿತು. 1890ರ ದಶಕದಲ್ಲಿ ಎಡಿನ್‌ಬರೋದ ಪೀಟರ್ ಗಥ್ರಿ ಟೇಟ್ ಗಾಲ್ಫ್ ಚೆಂಡಿನ ಹಾರಾಟದ ಬಗ್ಗೆ ಬರೆದರು. ಚೆಂಡು ಹಿಮ್ಮುಖವಾಗಿ ಸುತ್ತುತ್ತಾ ಹೋದರೆ ಗಾಳಿಯೇ ಅದನ್ನು ಎತ್ತಿ ಹಿಡಿಯುತ್ತದೆ ಎಂದು ತೋರಿಸಿಕೊಟ್ಟವರು ಅವರು. ಅವರ ಮಗ ಫ್ರೆಡ್ಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್ ಆದದ್ದರಿಂದ ಮನೆಯಲ್ಲೇ ಒಳ್ಳೆಯ ಪ್ರಯೋಗಶಾಲೆ ಇತ್ತೆನ್ನಬೇಕು. ಆದರೆ ಟೇಟರ ಕಣ್ಣು ಹೆಚ್ಚಾಗಿ ಚೆಂಡಿನ ಮೇಲಿತ್ತು. ಕೋಲಿಗೆ ವೇಗ ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಮೊದಲು ಅದು ಕಣ್ಣಿಗೆ ಕಾಣಬೇಕಿತ್ತು. 1930ರ ದಶಕದಲ್ಲಿ ಅಮೆರಿಕದ ಎಂಐಟಿ ತಂತ್ರಜ್ಞಾನ ಸಂಸ್ಥೆಯ ಹೆರಾಲ್ಡ್ ಎಡ್ಜರ್ಟನ್ ಕತ್ತಲೆಯಲ್ಲಿ ಬೆಳಕನ್ನು ಪಟಪಟನೆ ಮಿನುಗಿಸಿ, ಒಂದೇ ಫೋಟೊದಲ್ಲಿ ಇಡೀ ಸ್ವಿಂಗ್ ಹಿಡಿದರು. ಅಂಥ ಚಿತ್ರವೊಂದನ್ನು ಹತ್ತಿರದಿಂದ ನೋಡಿ. ಕೋಲು ಕೆಳಗಿಳಿದು ಚೆಂಡಿನ ಸಮೀಪ ಬಂದಂತೆ ಅದರ ತಲೆಯ ಗುರುತುಗಳು ದೂರ ದೂರವಾಗುತ್ತವೆ, ಕೈಗಳ ಗುರುತುಗಳು ಮಾತ್ರ ಒತ್ತೊತ್ತಾಗುತ್ತವೆ. ಹೊಡೆತದ ಹೊತ್ತಿಗೆ ಕೈ ನಿಧಾನವಾಗುತ್ತಿದೆ!

ಹೀಗೇಕೆ ಎಂಬುದಕ್ಕೆ ಬ್ರಿಟನ್ನಿನ ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ 1968ರಲ್ಲಿ ಕೊಟ್ಟ ಉತ್ತರ ಸರಳ. ಭುಜದಿಂದ ಕೈವರೆಗೆ ಒಂದು ಲೋಲಕ, ಕೈಯಿಂದ ಕೋಲಿನ ತಲೆವರೆಗೆ ಇನ್ನೊಂದು, ನಡುವೆ ಮಣಿಕಟ್ಟು ಬಾಗಿಲ ತಿರುಗಣಿಯ ಹಾಗೆ. ಮೊದಲು ಭಾರದ ತೋಳು ವೇಗ ಪಡೆಯುತ್ತದೆ, ಕೋಲು ಮಡಚಿಕೊಂಡು ಅದರ ಹಿಂದೆ ಬರುತ್ತದೆ. ಆಮೇಲೆ ಕೋಲು ತಾನಾಗಿ ಹೊರಕ್ಕೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಳ್ಳುವಾಗ ಅದು ಕೈಯನ್ನು ಹಿಂದಕ್ಕೆ ಜಗ್ಗುತ್ತದೆ. ಕೈ ಕಳೆದುಕೊಂಡ ಶಕ್ತಿ ಹಗುರವಾದ ಕೋಲಿಗೆ ಹೋಗುತ್ತದೆ. ಹಗುರವಾದ್ದರಿಂದ ಅಷ್ಟೇ ಶಕ್ತಿಗೆ ಅದು ಬಹಳ ಜೋರಾಗಿ ಓಡುತ್ತದೆ. ಕವಣೆಯಲ್ಲೂ ಇದೇ. ಹಗ್ಗದ ಒಂದು ತುದಿಯ ಕುಣಿಕೆ ಬೆರಳಲ್ಲಿರುತ್ತದೆ, ಇನ್ನೊಂದು ತುದಿಯನ್ನು ಬಿಡುವ ಗಳಿಗೆಯಲ್ಲಿ ತೋಳು ತಡೆದು ನಿಲ್ಲುತ್ತದೆ, ಕಲ್ಲು ಹೋಗುತ್ತದೆ. (ಚಿತ್ರದುರ್ಗದವನು ಇಲ್ಲಿ ಓಬವ್ವನ ಒನಕೆಯನ್ನು ತರಲೇಬೇಕೆಂದು ಓದುಗರು ಕಾಯುತ್ತಿರಬಹುದು. ಒನಕೆಗೆ ನಡುವೆ ತಿರುಗಣಿ ಇಲ್ಲ. ಈ ಲೆಕ್ಕಕ್ಕೆ ಅದು ಬರುವುದಿಲ್ಲ.)

1970ರಲ್ಲಿ ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದ ಥಿಯೊಡೋರ್ ಜಾರ್ಗನ್ಸನ್ ಈ ಜೋಡಿ ಲೋಲಕಕ್ಕೆ ಪೂರ್ತಿ ಸಮೀಕರಣ ಬರೆದರು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ರುಚಿಯಿರುವುದು ಇಲ್ಲೇ. ಮಣಿಕಟ್ಟಿನ ಸ್ನಾಯು ಬಳಸಿ ಕೋಲನ್ನು ಬೇಗ ಬಿಚ್ಚಲು ಹೋದರೆ ಹೊಡೆತದ ಹೊತ್ತಿಗೆ ತಲೆಯ ವೇಗ ಕಡಿಮೆಯಾಗುತ್ತದೆ. ಶುರುವಿನಲ್ಲಿ ಬಿಚ್ಚಿಕೊಳ್ಳದಂತೆ ಕೊಂಚ ತಡೆದರೆ ವೇಗ ಹೆಚ್ಚುತ್ತದೆ. ನಮ್ಮ ಹುಡುಗ ಮಾಡಿದ ತಪ್ಪು ಅದೇ: ಹೊಡೆಯುವ ಆತುರದಲ್ಲಿ ಕೋಲು ಇನ್ನೂ ಮೇಲಿದ್ದಾಗಲೇ ಮಣಿಕಟ್ಟನ್ನು ನೇರ ಮಾಡಿಬಿಟ್ಟಿದ್ದ. ಕೋಲು ಚೆಂಡಿನ ಬಳಿ ಬರುವ ಹೊತ್ತಿಗೆ ಕೊಡಲು ಏನೂ ಉಳಿದಿರಲಿಲ್ಲ.

ಈಗ ಲೆಕ್ಕ ನೋಡೋಣ. ವೃತ್ತಿಪರ ಪುರುಷ ಆಟಗಾರರು ಅತಿ ದೂರ ಹೊಡೆಯಲು ಬಳಸುವ ‘ಡ್ರೈವರ್’ ಕೋಲಿನ ತಲೆ ಸೆಕೆಂಡಿಗೆ ಸುಮಾರು 50 ಮೀಟರ್, ಅಂದರೆ ಗಂಟೆಗೆ 180 ಕಿ.ಮೀ. ವೇಗದಲ್ಲಿ ಬರುತ್ತದೆ. ತಲೆಯ ತೂಕ 200 ಗ್ರಾಂ ಆಸುಪಾಸು. ಒಂದೂವರೆ ಮೀಟರ್ ತ್ರಿಜ್ಯದಲ್ಲಿ ಸುತ್ತುವ ಅಷ್ಟೇ ತೂಕವನ್ನು ದಾರಿ ತಪ್ಪದಂತೆ ಒಳಕ್ಕೆ ಎಳೆದಿಡಲು 330 ನ್ಯೂಟನ್‌ಗೂ ಹೆಚ್ಚು ಬಲ ಬೇಕು. ಕೈಗೆ ಸುಮಾರು 34 ಕಿಲೋ ತೂಗುಹಾಕಿದ ಹಾಗೆ. ಕೈ ಕೊನೆಗೆ ಮಾಡುವ ಕೆಲಸ ಕೋಲನ್ನು ಮುಂದಕ್ಕೆ ತಳ್ಳುವುದಕ್ಕಿಂತ ಹೆಚ್ಚಾಗಿ ಹೀಗೆ ಎಳೆದು ಹಿಡಿಯುವುದೇ. ಆ ಎಳೆತಕ್ಕೆ ಆಧಾರ ನೆಲ. ಒಳ್ಳೆಯ ಆಟಗಾರರು ಕೋಲು ಇಳಿಸುವಾಗ ಮುಂಗಾಲಿನಲ್ಲಿ ನೆಲವನ್ನು ತಮ್ಮ ಮೈತೂಕಕ್ಕೂ ಮೀರಿ ಒತ್ತುತ್ತಾರೆ ಎಂದು ಕಾಲಡಿಯ ಬಲಮಾಪಕಗಳು ತೋರಿಸಿವೆ.

180 ಕಿ.ಮೀ. ದೊಡ್ಡದೆನಿಸಿದರೆ ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿ. 40 ಮೀಟರ್ ಉದ್ದದ ರೆಕ್ಕೆ ನಿಮಿಷಕ್ಕೆ ಬರೀ 15 ಸುತ್ತು ಹಾಕಿದರೂ ತುದಿಯ ವೇಗ ಗಂಟೆಗೆ 226 ಕಿ.ಮೀ. ಕೆಳಗೆ ನಿಂತವರಿಗೆ ಸೋಮಾರಿಯಂತೆ ಕಾಣುತ್ತದೆ, ಅಷ್ಟೆ.

ಕೋಲು ಮತ್ತು ಚೆಂಡಿನ ಭೇಟಿ ಅರ್ಧ ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಆ ಹೊತ್ತಿನಲ್ಲಿ ಹಿಡಿತ ಬಿಗಿ ಮಾಡಿ ಚೆಂಡಿಗೆ ಏನನ್ನೂ ಸೇರಿಸಲಾಗದು. ಕಾಕ್ರನ್ ಮತ್ತು ಸ್ಟಾಬ್ಸ್ ಇದನ್ನು ಪರೀಕ್ಷಿಸಲು ತಲೆಯ ಸ್ವಲ್ಪ ಮೇಲೆ ಕೋಲಿಗೆ ತಿರುಗಣಿ ಕೂರಿಸಿದರು. ಚೆಂಡು ಹೋದ ದೂರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಆ ಗಳಿಗೆಗೆ ತಲೆ ಬಹುಪಾಲು ಸ್ವತಂತ್ರ ಗುಂಡು. ಚೆಂಡಿನ ತೂಕಕ್ಕೆ ನಿಯಮದ ಮಿತಿ 45.93 ಗ್ರಾಂ. ಡಿಕ್ಕಿಯ ಪುಟಿತದ ಗುಣಾಂಕ (ಎರಡೂ ಹತ್ತಿರ ಬಂದ ವೇಗಕ್ಕೆ ಹೋಲಿಸಿದರೆ ದೂರ ಸರಿಯುವ ವೇಗ ಎಷ್ಟು ಪಾಲು ಎಂಬ ಅಳತೆ) 0.83 ಎಂದು ಹಿಡಿದರೆ ಚೆಂಡು ತಲೆಯ ವೇಗದ ಸುಮಾರು 1.49 ಪಟ್ಟು ವೇಗದಲ್ಲಿ ಹೊರಡುತ್ತದೆ. ತಲೆಯ ತೂಕವನ್ನು ಇಮ್ಮಡಿ ಮಾಡಿದರೂ ಅದು 1.64 ಪಟ್ಟಿಗೆ ಏರೀತು, ಅಷ್ಟೆ. ವೇಗ ಇಮ್ಮಡಿಯಾದರೆ ಚೆಂಡಿನ ವೇಗವೂ ಇಮ್ಮಡಿ. ತಯಾರಕರು ಹಗುರ ಕೋಲಿನ ಬೆನ್ನು ಹತ್ತಿದ್ದು ಇದಕ್ಕೇ: ಮರದ ಬದಲು ಉಕ್ಕು, ಉಕ್ಕಿನ ಬದಲು ಗ್ರಾಫೈಟ್, ತಲೆಗೆ ಟೈಟಾನಿಯಂ.

ಇಲ್ಲಿಂದ ಮುಂದೆ ಇದು ನಿಯಮದ ಜಗಳ. ದೂರ ಹೆಚ್ಚಿದಂತೆ ಮೈದಾನಗಳು ಸಾಲದಾದವು. 1976ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಚೆಂಡು ಹೋಗಬಹುದಾದ ದೂರಕ್ಕೆ ಮಿತಿ ಹಾಕಿತು. 0.83ರ ಮಿತಿಯೂ ಅಲ್ಲಿಯದೇ, 1998ರದ್ದು. 2004ರಿಂದ ಚೆಂಡಿನ ಪರೀಕ್ಷೆ ಗಂಟೆಗೆ 120 ಮೈಲಿ ವೇಗದ ಕೋಲಿನಲ್ಲಿ ನಡೆಯುತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಅದನ್ನು 125ಕ್ಕೆ ಏರಿಸುವುದಾಗಿ ಯುಎಸ್‌ಜಿಎ ಮತ್ತು ಬ್ರಿಟನ್ನಿನಲ್ಲಿರುವ ಗಾಲ್ಫ್ ನಿಯಮ ಸಂಸ್ಥೆ ಆರ್ ಅಂಡ್ ಎ ಘೋಷಿಸಿದವು. ವೇಗ ಏರಿಸುವುದು ಕಡಿವಾಣ ಹೇಗಾದೀತು ಎನ್ನಬಹುದು. ದೂರದ ಗೆರೆ ಇದ್ದಲ್ಲೇ ಇರುತ್ತದೆ. ಇನ್ನೂ ಜೋರಾಗಿ ಹೊಡೆದರೂ ಅದನ್ನು ದಾಟಬಾರದೆಂದರೆ ಚೆಂಡೇ ಮಂದವಾಗಬೇಕು. ಈ ಗದ್ದಲವೆಲ್ಲ ಅತಿ ದೂರ ಹೊಡೆಯುವವರದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದ ಬೆಂಗಳೂರಿನ ಅದಿತಿ ಅಶೋಕ್ ಆ ಸಾಲಿನವರಲ್ಲವೇ ಅಲ್ಲ.

ಆ ದಿನ ಸಂಜೆ ದೊಡ್ಡಪ್ಪ ಜಂತಿಗೆ ಸಿಕ್ಕಿಸಿಟ್ಟಿದ್ದ ಹಳೇ ಕವಣೆ ತೆಗೆದರು. ಹುಡುಗ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿದ, ಸೆಕೆಂಡಿಗೆ 240 ಚಿತ್ರ. ಮನೆಗೆ ಬಂದು ಒಂದೊಂದೇ ಚಿತ್ರ ಸರಿಸಿ ನೋಡಿದೆವು. ಕೈ ಒಂದೇ ಜಾಗದಲ್ಲಿ ನಿಂತಂತಿದ್ದ ನಾಲ್ಕೈದು ಚಿತ್ರ ಸಿಕ್ಕವು. ಕಲ್ಲು ಮಾತ್ರ ಯಾವುದರಲ್ಲೂ ಕಲ್ಲಿನಂತೆ ಕಾಣಲಿಲ್ಲ, ಬೂದು ಬಣ್ಣದ ಒಂದು ಗೀರು ಇತ್ತು. ‘ಇದ್ರಾಗೆ ನನ್ ಮುಖಾನೇ ಬಂದಿಲ್ವಲ್ಲೋ’ ಎಂದು ದೊಡ್ಡಪ್ಪ ಫೋನು ವಾಪಸ್ ಕೊಟ್ಟರು.