ಮೂಲೆಮಟ್ಟ ಡಿಗ್ರಿ ಹೇಳುವುದಿಲ್ಲ

ಕಲಬುರಗಿಯ ನಮ್ಮ ಮನೆಯ ನಡುಮನೆಗೆ ಶಹಾಬಾದ್ ಕಲ್ಲು ಹಾಸಿದ್ದೇವೆ. ಬಾಗಿಲಲ್ಲಿ ನಿಂತು ನೋಡಿದರೆ ಸಾಲುಗಳು ಚೆಂದ. ಎದುರಿನ ಗೋಡೆ ಹತ್ತಿರ ಹೋದರೆ ಕೊನೆಯ ಸಾಲಿನ ಕಲ್ಲು ಒಂದು ತುದಿಯಲ್ಲಿ ಆರು ಇಂಚು, ಇನ್ನೊಂದು ತುದಿಯಲ್ಲಿ ಎರಡೇ ಇಂಚು. ಕಲ್ಲು ಹಾಸಿದವರ ತಪ್ಪಲ್ಲ. ಪಾಯ ಹಾಕುವಾಗಲೇ ಮೂಲೆ ಒಂದು ಡಿಗ್ರಿಯಷ್ಟು ಸೊಟ್ಟಗಾಗಿತ್ತು.

ಒಂದು ಡಿಗ್ರಿ ಎಂದರೆ ಶಾಲೆಯ ಕೋನಮಾಪಕದ ಅಂಚಿನಲ್ಲಿ ಒಂದು ಮಿಲಿಮೀಟರೂ ಇಲ್ಲ. ಅದೇ ಹತ್ತು ಅಡಿ ದೂರಕ್ಕೆ ಹೋದಾಗ ಎರಡು ಇಂಚು, ಇಪ್ಪತ್ತು ಅಡಿಗೆ ನಾಲ್ಕು ಇಂಚಿಗೂ ತುಸು ಜಾಸ್ತಿ. ಹಾಗಂತ ಕೋನಮಾಪಕ ಕೆಟ್ಟದ್ದೇನಲ್ಲ. ಇರುವ ಕೋನ ಎಷ್ಟು ಎಂದು ಓದಿ ಹೇಳುವುದು ಅದರ ಕೆಲಸ. ಗೌಂಡಿಯ ಕೈಯಲ್ಲಿರುವ, L ಅಕ್ಷರದಂತಿರುವ ಮೂಲೆಮಟ್ಟದ ಕೆಲಸವೇ ಬೇರೆ. ಅದು ಡಿಗ್ರಿ ಹೇಳುವುದಿಲ್ಲ. ಮೂಲೆ ಸರಿ ಇದೆಯೋ ಇಲ್ಲವೋ, ಅಷ್ಟೇ ಹೇಳುತ್ತದೆ.

ಆದರೆ ಅದರ ತೋಳು ಗಿಡ್ಡ. ಮೊನ್ನೆ ಹಿತ್ತಲಲ್ಲಿ ಕೋಣೆ ಕಟ್ಟಿಸಿದಾಗ ಬಂದ ಹಿರಿಯ ಗೌಂಡಿ ಮೂಲೆಯ ಗೂಟದಿಂದ ಒಂದು ದಾರದ ಮೇಲೆ ಮೂರು ಅಡಿಗೆ ಗುರುತು ಹಾಕಿದರು, ಇನ್ನೊಂದರ ಮೇಲೆ ನಾಲ್ಕು ಅಡಿಗೆ. ಆ ಎರಡು ಗುರುತಿನ ನಡುವೆ ಅಳೆಯಲು ಟೇಪಿನ ತುದಿ ನನ್ನ ಕೈಗೆ ಕೊಟ್ಟು, “ಐದು ಬಂತೇನ್ರೀ?” ಅಂದರು. ಒಂದು ಬೆರಳು ಜಾಸ್ತಿ ಇತ್ತು. ದಾರ ಸರಿಸಿದರು. ಮೂರು, ನಾಲ್ಕು, ಐದು ಕೂಡಿಬಂದರೆ ಮೂಲೆ 90 ಡಿಗ್ರಿಯೇ. ಆಮೇಲೆ ಆರು, ಎಂಟು, ಹತ್ತಕ್ಕೂ ನೋಡಿದರು. ತ್ರಿಕೋನ ದೊಡ್ಡದಾದಷ್ಟೂ ಕಣ್ಣಿನ ತಪ್ಪು ಮೂಲೆಯನ್ನು ಕೆಡಿಸುವುದು ಕಡಿಮೆ.

ಅಂಕಿಯೇ ಬೇಡದ ಕೆಲಸ ನೋಡಬೇಕೆಂದರೆ ಬೀದರಿಗೆ ಹೋಗಬೇಕು. ಬಿದ್ರಿ ತಟ್ಟೆಯನ್ನು ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಉಜ್ಜಿ ನುಣುಪು ಮಾಡಿ ಮೈಲುತುತ್ತದ ನೀರು ಹಚ್ಚಿದರೆ ಮೈ ಕಪ್ಪಾಗುತ್ತದೆ. ಚೂಪಾದ ಮೊನೆಯಿಂದ ಗೀಚಿದ ಗೆರೆ ಆಗ ಎದ್ದು ಕಾಣುತ್ತದೆ. ಹೂಬಳ್ಳಿ ಬರಿಗೈಯಲ್ಲೇ ಮೂಡುತ್ತದೆ, ಸುತ್ತುಗೆರೆಗೆ ಕೈವಾರ ಬೇಕು. ಉರ್ದುವಿನಲ್ಲಿ ಅದಕ್ಕೆ ಪರ್ಕಾರ್ ಅಂತಾರೆ.

ಅಂಥ ವೃತ್ತದಲ್ಲಿ ಆರು ಎಸಳು ಬೇಕೆನ್ನಿ. ವೃತ್ತ ಎಳೆದ ಕೈವಾರದ ಅಗಲ ಬದಲಿಸದೆ ಅಂಚಿನ ಮೇಲೆ ಹೆಜ್ಜೆ ಹಾಕಿಸಿ. ಆರನೇ ಹೆಜ್ಜೆ ಹೊರಟ ಜಾಗಕ್ಕೇ ಬಂದು ಕೂರುತ್ತದೆ! ನಡುಬಿಂದು ಮತ್ತು ಅಕ್ಕಪಕ್ಕದ ಎರಡು ಗುರುತು ಸೇರಿದರೆ ಮೂರೂ ಬದಿ ಸಮನಾದ ತ್ರಿಕೋನ. ಅದರ ಕೋನ 60 ಡಿಗ್ರಿ, ಆರು ಸೇರಿದರೆ ಪೂರ್ತಿ ಸುತ್ತು. ತಟ್ಟೆಯ ಅಗಲ ಎಷ್ಟೇ ಇರಲಿ, ಯಾರೂ ಅದನ್ನು ಅಳೆಯಬೇಕಿಲ್ಲ.

ಕಂಪಾಸ್ ಬಾಕ್ಸಿನಲ್ಲಿ ಎರಡೂ ಕಾಲಿಗೆ ಮುಳ್ಳಿರುವ ಡಿವೈಡರ್ ಇದೆಯಲ್ಲ, ಅದೂ ಇದೇ ಜಾತಿ. ಶಾಲೆಯಲ್ಲಿ ನಾವು ಅದರಿಂದ ಬೆಂಚು ಕೆರೆದದ್ದೇ ಜಾಸ್ತಿ. ಅದು ಗೆರೆ ಎಳೆಯುವುದಿಲ್ಲ, ಅಂಕಿ ಹೇಳುವುದಿಲ್ಲ. ಒಂದು ಕಡೆಯ ಉದ್ದವನ್ನು ಎತ್ತಿಕೊಂಡು ಹೋಗಿ ಇನ್ನೊಂದು ಕಡೆ ಇಡುತ್ತದೆ. ನಕ್ಷೆಯಲ್ಲಿ ಬೀದರ್ ಮೇಲೆ ಒಂದು ಮುಳ್ಳು, ಕಲಬುರಗಿ ಮೇಲೆ ಇನ್ನೊಂದು ಇಟ್ಟು, ಹಾಗೇ ಎತ್ತಿ ಕೆಳಗಿನ ಮಾಪಕದ ಮೇಲಿಟ್ಟರೆ ನೇರ ದೂರ ಗೊತ್ತಾಗುತ್ತದೆ.

ಸ್ಕೇಲಿನದು ಎರಡು ಕೆಲಸ, ನೇರ ಗೆರೆ ಎಳೆಯುವುದು ಮತ್ತು ಅಳೆಯುವುದು. ಹಳೆಯ ಗ್ರೀಕ್ ರೇಖಾಗಣಿತದ ಪಟ್ಟಿಗೆ ಗುರುತೇ ಇರಲಿಲ್ಲ. ಗುರುತಿಲ್ಲದ ಪಟ್ಟಿ ಮತ್ತು ಕೈವಾರದಿಂದ ಯಾವ ಕೋನವನ್ನಾದರೂ ಎರಡು ಸಮಪಾಲು ಮಾಡಬಹುದು. ಮೂರು ಪಾಲು ಮಾಡುವ, ಎಲ್ಲ ಕೋನಕ್ಕೂ ಒಗ್ಗುವ ದಾರಿಯೇ ಇಲ್ಲ ಎಂದು 1837ರಲ್ಲಿ ಫ್ರಾನ್ಸಿನ ಪಿಯರ್ ವಾಂಟ್ಸೆಲ್ ಸಾಬೀತು ಮಾಡಿದರು. ಅದೇ ಪಟ್ಟಿಯ ಮೇಲೆ ಎರಡೇ ಎರಡು ಗುರುತು ಹಾಕಿಕೊಳ್ಳಿ, ಮೂರು ಪಾಲೂ ಸಾಧ್ಯ. ಆರ್ಕಿಮಿಡೀಸನ ಹೆಸರಲ್ಲಿ ಆ ಉಪಾಯ ಇದೆ.

ಇನ್ನು ಟೇಪಿನ ತುದಿಯ ಕೊಕ್ಕೆ. ಅದು ಸಡಿಲವಾಗಿ ಅಲುಗಾಡುತ್ತದೆ, ಹಾಳಾಗಿದೆ ಎಂದು ನಾನೇ ಒಮ್ಮೆ ಸುತ್ತಿಗೆಯಿಂದ ಬಡಿದು ಬಿಗಿ ಮಾಡಲು ಹೊರಟಿದ್ದೆ. ಗೌಂಡಿ ತಡೆದರು. ಕಲ್ಲಿನ ಅಂಚಿಗೆ ಸಿಕ್ಕಿಸಿ ಎಳೆದರೆ ಕೊಕ್ಕೆ ಮುಂದೆ ಬಂತು. ಗೋಡೆಗೆ ಒತ್ತಿದರೆ ಹಿಂದೆ ಸರಿಯಿತು, ಸರಿಯಾಗಿ ತನ್ನ ದಪ್ಪದಷ್ಟೇ. ಸೊನ್ನೆ ಎರಡೂ ಕಡೆ ತನ್ನ ಜಾಗದಲ್ಲೇ ಇತ್ತು.