ಇಪ್ಪತ್ತೊಂದು ಗೋಲುಗಳ ಸೋಲಿನಿಂದ ಸುವಾ ಫೈನಲ್‌ವರೆಗೆ

2022ರ ಜುಲೈ 30ರಂದು ಫಿಜಿಯ ರಾಜಧಾನಿ ಸುವಾದಲ್ಲಿ ಓಷಿಯಾನಿಯಾ ಮಹಿಳಾ ನೇಷನ್ಸ್ ಕಪ್ ಫುಟ್‌ಬಾಲ್ ಫೈನಲ್ ನಡೆಯಿತು. ಪಪುವಾ ನ್ಯೂಗಿನಿ ತಂಡ ಆತಿಥೇಯ ಫಿಜಿಯನ್ನು 2–1ರಿಂದ ಸೋಲಿಸಿತು. ಈ ಕಪ್ ಶುರುವಾಗಿ ಆಗಲೇ 39 ವರ್ಷ ಆಗಿತ್ತು. ಆದರೆ ಪೆಸಿಫಿಕ್‌ನ ಪುಟ್ಟ ತಂಡವೊಂದು ಅದನ್ನು ಗೆದ್ದಿದ್ದು ಅದೇ ಮೊದಲು.

ಇಷ್ಟು ತಡವಾಗಿದ್ದು ಯಾಕೆ ಅಂತ ಹುಡುಕಿದರೆ 1983ಕ್ಕೆ ಹೋಗಬೇಕು. ಆ ವರ್ಷ ನ್ಯೂ ಕ್ಯಾಲಡೋನಿಯಾದ ನೂಮಿಯಾದಲ್ಲಿ ಮೊದಲ ಟೂರ್ನಿ ನಡೆಯಿತು. ಆಡಿದ್ದು ನಾಲ್ಕೇ ತಂಡ. ಫೈನಲ್‌ನಲ್ಲಿ ನ್ಯೂಜಿಲೆಂಡ್ ಆಸ್ಟ್ರೇಲಿಯಾವನ್ನು ಮಣಿಸಿತು. 1986 ಮತ್ತು 1989ರ ಕಪ್ ತೈವಾನ್ ಪಾಲಾಯಿತು. ರಾಜಕೀಯ ಕಾರಣಕ್ಕೆ ಏಷ್ಯಾದಿಂದ ಹೊರಬಿದ್ದಿದ್ದ ತೈವಾನ್ ಆಗ ಓಷಿಯಾನಿಯಾ ತಂಡಗಳ ಜೊತೆ ಆಡುತ್ತಿತ್ತು. ಅಲ್ಲಿಂದ 2018ರವರೆಗೆ ಕಪ್ ನ್ಯೂಜಿಲೆಂಡ್ ಬಿಟ್ಟರೆ ಆಸ್ಟ್ರೇಲಿಯಾ, ಆಸ್ಟ್ರೇಲಿಯಾ ಬಿಟ್ಟರೆ ನ್ಯೂಜಿಲೆಂಡ್ ಕೈಯಲ್ಲೇ ಇತ್ತು. 1991 ಮತ್ತು 1994ರಲ್ಲಂತೂ ಈ ಇಬ್ಬರ ಜೊತೆ ಕಣದಲ್ಲಿದ್ದದ್ದು ಪಪುವಾ ನ್ಯೂಗಿನಿ ಒಂದೇ.

1998ರಲ್ಲಿ ಆಕ್ಲೆಂಡ್‌ಗೆ ಇನ್ನಷ್ಟು ದ್ವೀಪಗಳ ತಂಡಗಳು ಬಂದವು. ನ್ಯೂಜಿಲೆಂಡ್ ಸಮೋವಾವನ್ನು 21–0ಯಿಂದ ಸೋಲಿಸಿತು. ಆಸ್ಟ್ರೇಲಿಯಾ ಅಮೆರಿಕನ್ ಸಮೋವಾವನ್ನು ಸೋಲಿಸಿದ್ದೂ 21–0ಯಿಂದಲೇ. ಅಂದರೆ ಹೆಚ್ಚುಕಡಿಮೆ ನಾಲ್ಕು ನಿಮಿಷಕ್ಕೊಂದು ಗೋಲು. 2001ರಲ್ಲಿ ಅಮೆರಿಕನ್ ಸಮೋವಾದ ಗಂಡಸರ ತಂಡ ಆಸ್ಟ್ರೇಲಿಯಾ ಎದುರು 31–0ಯಿಂದ ಸೋತದ್ದು ಪ್ರಪಂಚಕ್ಕೆಲ್ಲ ಗೊತ್ತು. ಅದಕ್ಕೂ ಮೂರು ವರ್ಷ ಮೊದಲೇ ಅದೇ ದ್ವೀಪದ ಹೆಣ್ಣುಮಕ್ಕಳು ಇಂಥದ್ದೇ ಸೋಲು ಉಂಡಿದ್ದರು. ಅದನ್ನು ನೆನೆಯುವವರು ಕಡಿಮೆ. ನನಗೆ ಆ ಸ್ಕೋರಿಗಿಂತ ಜಾಸ್ತಿ ಬೇಸರ ತರುವುದು ಈ ಮರೆವು.

ಸೋಲಿಗಿಂತ ದೊಡ್ಡ ಕಷ್ಟ ಸೋತ ಮೇಲೆ ಶುರುವಾಗುತ್ತಿತ್ತು. 1998ರ ನಂತರ ಈ ಟೂರ್ನಿ ನಡೆದದ್ದು 2003ರಲ್ಲಿ. ಆಮೇಲೆ 2007, 2010, 2014, 2018. ಹದಿನೆಂಟನೇ ವಯಸ್ಸಿನಲ್ಲಿ ಒಂದು ಟೂರ್ನಿ ಆಡಿದ ಹುಡುಗಿಗೆ ಮುಂದಿನದು ಬರುವಷ್ಟರಲ್ಲಿ ಇಪ್ಪತ್ತೆರಡೋ ಇಪ್ಪತ್ತಮೂರೋ ಆಗಿರುತ್ತಿತ್ತು. ನಡುವೆ ಸುಮ್ನೆ ಒಂದು ಸ್ನೇಹಪೂರ್ವಕ ಪಂದ್ಯ ಆಡೋಣ ಅಂದರೂ ಸಾವಿರಾರು ಕಿಲೋಮೀಟರ್ ಸಮುದ್ರ ದಾಟಬೇಕು, ಇಡೀ ತಂಡಕ್ಕೆ ವಿಮಾನದ ಟಿಕೆಟ್ ತೆಗೆಸಬೇಕು. ಕುಕ್ ದ್ವೀಪಗಳ ಒಟ್ಟು ಜನಸಂಖ್ಯೆಯೇ ಸುಮಾರು 15 ಸಾವಿರ. ಟೊಂಗಾದ್ದು ಒಂದು ಲಕ್ಷದ ಆಸುಪಾಸು. ಅಷ್ಟು ಜನರೊಳಗಿಂದಲೇ ತಂಡ ಕಟ್ಟಬೇಕು, ಅದಕ್ಕೆ ದುಡ್ಡೂ ಹೊಂದಿಸಬೇಕು. ಆಟವೇ ಸಿಗದವರು ಆಟ ಕಲಿಯುವುದು ಹೇಗೆ ಅಲ್ವಾ?

ಪರಿಸ್ಥಿತಿ ಬದಲಾಗಲು ಶುರುವಾದದ್ದು ಬೇರೆ ಕಡೆಯಿಂದ. 2003ರಲ್ಲಿ ಸುವಾದಲ್ಲಿ ನಡೆದ ದಕ್ಷಿಣ ಪೆಸಿಫಿಕ್ ಕ್ರೀಡಾಕೂಟಕ್ಕೆ ಮಹಿಳಾ ಫುಟ್‌ಬಾಲ್ ಸೇರಿತು. ಅಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಇರಲಿಲ್ಲ. ದ್ವೀಪದವರ ಎದುರು ದ್ವೀಪದವರೇ. ಪಪುವಾ ನ್ಯೂಗಿನಿ ಆ ಚಿನ್ನ ಗೆದ್ದಿತು. 2007, 2011, 2015, 2019ರಲ್ಲೂ ಅದೇ ಗೆದ್ದಿತು. ಮೊನ್ನೆ ಇಪ್ಪತ್ತು ಗೋಲು ತಿಂದ ತಂಡಗಳಿಗೆ ಇಲ್ಲಿ ಗೆಲ್ಲುವ ಆಸೆ ಇಟ್ಟುಕೊಂಡು ಆಡುವ ಪಂದ್ಯಗಳು ಸಿಕ್ಕವು.

2006ರಲ್ಲಿ ಆಸ್ಟ್ರೇಲಿಯಾ ಓಷಿಯಾನಿಯಾ ಬಿಟ್ಟು ಏಷ್ಯಾದ ಫುಟ್‌ಬಾಲ್ ಒಕ್ಕೂಟಕ್ಕೆ ಹೋಯಿತು. ಆದರೂ ನ್ಯೂಜಿಲೆಂಡ್ ಎಂಬ ಗೋಡೆ ಉಳಿದೇ ಇತ್ತು. 2018ರ ಫೈನಲ್‌ನಲ್ಲಿ ಫಿಜಿ 8–0ಯಿಂದ ಸೋತಿತು. ವಿಶ್ವಕಪ್‌ಗೆ ಹೋಗುವ ದಾರಿಯೂ ಈ ಟೂರ್ನಿಯಲ್ಲೇ ಇದ್ದದ್ದರಿಂದ ಅದು ಬರೀ ಕಪ್‌ನ ಪ್ರಶ್ನೆ ಆಗಿರಲಿಲ್ಲ. ಈ ನಡುವೆ, 2016ರಲ್ಲಿ, ಪಪುವಾ ನ್ಯೂಗಿನಿ 20 ವರ್ಷದೊಳಗಿನ ಮಹಿಳೆಯರ ವಿಶ್ವಕಪ್ ನಡೆಸಿತು. ಆತಿಥೇಯರು ಮೂರೂ ಪಂದ್ಯ ಸೋತರು. ಆದರೆ ವಿಶ್ವಕಪ್ ಅನ್ನುವುದು ರಾಜಧಾನಿ ಪೋರ್ಟ್ ಮೋರ್ಸ್ಬಿಯ ಹುಡುಗಿಯರ ಕಣ್ಣೆದುರೇ ನಡೆಯಿತು.

2019ರಲ್ಲಿ ಮಹಿಳಾ ವಿಶ್ವಕಪ್‌ನ ತಂಡಗಳನ್ನು 24ರಿಂದ 32ಕ್ಕೆ ಏರಿಸಲು ಫಿಫಾ ತೀರ್ಮಾನಿಸಿತು. 2023ರ ಆತಿಥ್ಯ ಆಸ್ಟ್ರೇಲಿಯಾ ಜೊತೆ ನ್ಯೂಜಿಲೆಂಡ್‌ಗೂ ಸಿಕ್ಕಿತು. ಆತಿಥೇಯರಾಗಿ ವಿಶ್ವಕಪ್‌ಗೆ ನೇರ ಪ್ರವೇಶ ಇದ್ದದ್ದರಿಂದ ನ್ಯೂಜಿಲೆಂಡ್ 2022ರ ನೇಷನ್ಸ್ ಕಪ್ ಆಡಲಿಲ್ಲ. ಹೀಗೆ ಆ ಜುಲೈನಲ್ಲಿ ಫಿಜಿಗೆ ಬಂದ ಒಂಬತ್ತು ತಂಡಗಳೂ ದ್ವೀಪದವೇ: ಸಮೋವಾ, ಟೊಂಗಾ, ಕುಕ್, ಸಾಲೊಮನ್, ವನುವಾಟು, ಟಹೀಟಿ, ನ್ಯೂ ಕ್ಯಾಲಡೋನಿಯಾ, ಜೊತೆಗೆ ಫೈನಲ್ ತಲುಪಿದ ಆ ಎರಡು. ಫಿಜಿ ಹೆಣ್ಣುಮಕ್ಕಳನ್ನು ಅಲ್ಲಿ 'ಕುಲಾಸ್' ಅನ್ನುತ್ತಾರೆ. ಕುಲಾ ಅಂದರೆ ಅಲ್ಲಿನ ಬಣ್ಣದ ಗಿಳಿ. ಪಪುವಾ ನ್ಯೂಗಿನಿಯವರು 'ಲಕಟೋಯ್ಸ್'. ಲಕಟೋಯ್ ಅಂದರೆ ಅಲ್ಲಿನ ಮೋಟು ಎಂಬ ಬುಡಕಟ್ಟಿನ ಜನ ದೂರದ ವ್ಯಾಪಾರಕ್ಕೆ ಹೋಗುತ್ತಿದ್ದ ಹಾಯಿದೋಣಿ. ಈ ಹೆಸರುಗಳು ನನಗೆ ತುಂಬಾ ಇಷ್ಟ.

ಗೆದ್ದವರಿಗೆ ವಿಶ್ವಕಪ್‌ನ ಪ್ಲೇ ಆಫ್, ಅಂದರೆ ಉಳಿದ ಜಾಗಗಳಿಗೆ ನಡೆಯುವ ಅರ್ಹತಾ ಪಂದ್ಯಗಳು, ಕಾದಿತ್ತು. 2023ರ ಫೆಬ್ರವರಿಯಲ್ಲಿ ನ್ಯೂಜಿಲೆಂಡ್‌ನ ಹ್ಯಾಮಿಲ್ಟನ್‌ನಲ್ಲಿ ಪನಾಮಾ ಎದುರು ಲಕಟೋಯ್ಸ್ 2–0ಯಿಂದ ಸೋತರು. ಪನಾಮಾ ಮುಂದಿನ ಪಂದ್ಯವನ್ನೂ ಗೆದ್ದು ವಿಶ್ವಕಪ್‌ಗೆ ಹೋಯಿತು. ಅದೇ ವರ್ಷ ಜೂನ್‌ನಲ್ಲಿ ಪೋರ್ಟ್ ಮೋರ್ಸ್ಬಿಯಲ್ಲಿ ಓಷಿಯಾನಿಯಾದ ಮೊದಲ ಮಹಿಳಾ ಚಾಂಪಿಯನ್ಸ್ ಲೀಗ್ ನಡೆಯಿತು. ಅದು ಕ್ಲಬ್‌ಗಳ ಟೂರ್ನಿ. ಮುಂದಿನ ನೇಷನ್ಸ್ ಕಪ್‌ಗೆ ಕಾಯದೆ ಈ ಹುಡುಗಿಯರು ಮತ್ತೆ ಮೈದಾನಕ್ಕಿಳಿದರು.